ಕೆಂಪು ಟೀಚರದ್ದು

ಹಾಲಿನ ಪುಡಿ ಗಂಟು ಕಟ್ಟಿತ್ತು. ಹಿರೇಕೊಡಿಗೆ ಶಾಲೆಯ ಅಡುಗೆ ಕೋಣೆಯಲ್ಲಿ ಯಮುನಮ್ಮ ಟೀಚರ್ ಸೌಟಿನ ಬೆನ್ನಿನಿಂದ ಗಂಟು ಒಡೆಯುತ್ತಿದ್ದರು. ಅಡುಗೆಯ ಕಮಲಕ್ಕ ಲೋಟ ಜೋಡಿಸುತ್ತಾ ಕೇಳಿದಳು.

“ಕೊಪ್ಪದ ಟ್ರೈನಿಂಗಲ್ಲಿ ಎಂತ ಹೇಳಿಕೊಟ್ರು ಟೀಚರೇ?”

“ಮಕ್ಕಳು ಮನೆಮಾತಲ್ಲೇ ಬರೀಲಿ, ತಿದ್ದೋ ಮುಂಚೆ ಅವರನ್ನ ಕೇಳಿ ಅಂದ್ರು.”

“ಇಷ್ಟಕ್ಕೆ ಊಟ ಹಾಕಿ ದಿನಗಟ್ಟಲೆ ಕೂರಿಸ್ಬೇಕಾ ಮಾರಾಯ್ರೆ?”

ಯಮುನಮ್ಮನಿಗೆ ನಗು ಬರಲಿಲ್ಲ. ಇಂಥ ಎಷ್ಟೋ ತರಬೇತಿಗೆ ಹೋಗಿ, ಚಾರ್ಟು ಬರೆದು, ಫೋಟೋಕ್ಕೆ ನಿಂತು, ಮರಳಿ ಬಂದು ಹಳೇ ಪಾಠವನ್ನೇ ಮಾಡಿದ್ದರು. ಈ ಸಲ ತರಬೇತಿ ಕೊಡುವ ಪ್ರದೀಪ, “ನಿಮ್ಮಮ್ಮ ನಿಮ್ಮನ್ನ ಹೇಗೆ ಕರೀತಿದ್ರೋ ಹಾಗೇ ಬರೀರಿ” ಅಂದಿದ್ದ. ಯಮುನಮ್ಮ ‘ಮಗಳೇ, ಬಾ’ ಎಂದು ಬರೆದರು. ತೀರಿಹೋದ ಅಮ್ಮ ಹಾಗೆ ಕರೆದದ್ದೇ ಇಲ್ಲ. ಹೇಗೆ ಕರೆಯುತ್ತಿದ್ದಳೆಂಬುದು ನೆನಪಿಗೆ ಬರಲಿಲ್ಲ. ಸುತ್ತ ಎಲ್ಲರೂ ನಗುತ್ತಾ ಬರೆಯುತ್ತಿದ್ದರು. ಇವರು ಪೆನ್ನಿಗೆ ಮುಚ್ಚಳ ಹಾಕಿ ಕೂತರು. ಅಳುವೂ ಬರಲಿಲ್ಲ.

ಮೇಜಿನ ಖಾನೆಯಲ್ಲಿ ನಾಲ್ಕನೇ ಕ್ಲಾಸಿನ ಅನನ್ಯಳ ಕಾಗದ ಮಳೆಗಾಲದಿಂದ ಬಿದ್ದಿತ್ತು. ಪಾಠದ ಅಂಗವಾಗಿ ಮಕ್ಕಳೆಲ್ಲ ದೂರದ ಗೆಳೆಯರಿಗೆ ಬರೆದಿದ್ದರು. ಉಳಿದವರ ಕಾಗದ ಹೋಗಿ ಉತ್ತರವೂ ಬಂದಾಗಿತ್ತು. ಅನನ್ಯ ಬರೆದದ್ದು ಈ ಶಾಲೆ ಬಿಟ್ಟು ಮೆಣಸೆಯ ಶಾಲೆಗೆ ಹೋಗಿ ಸೇರಿದ ಗೆಳತಿ ಅರ್ಪಿತಾಳಿಗೆ: ‘ಎಂತ ಮಾಡ್ತೆ ಕೂಸೆ? ದೀಪಾವಳಿಗೆ ನಾ ಬತ್ತೆ.’

‘ಕೂಸೆ’ಗೆ ಯಮುನಮ್ಮ ಕೆಂಪು ಗೀಟು ಎಳೆದಿದ್ದರು. ಕೂಸು ಎಂದರೆ ಎಳೆಮಗು, ‘ಗೆಳತಿಯೇ’ ಎಂದು ತಿದ್ದು ಅಂದಿದ್ದರು. ಅನನ್ಯ ತಿದ್ದಲಿಲ್ಲ. ಅಂದಿನಿಂದ ಕ್ಲಾಸಿನಲ್ಲಿ ತುಟಿ ಬಿಚ್ಚಲೂ ಇಲ್ಲ. ಈಗ ದೀಪಾವಳಿ ಹತ್ತಿರ ಬಂದಿತ್ತು.

ಹಾಲು ಕುಡಿಸಿಯಾದ ಮೇಲೆ ಅವಳನ್ನು ಕರೆದು ಕಾಗದ ಮುಂದಿಟ್ಟರು.

“ಇದನ್ನ ಯಾಕೆ ತಿದ್ಲಿಲ್ಲ?”

ಅನನ್ಯ ನೆಲ ನೋಡಿದಳು. ಯಮುನಮ್ಮ ಕಾದರು. ಕಾಯುವುದಕ್ಕೆ ಅವರಿಗೇನೂ ಕಷ್ಟವಾಗಲಿಲ್ಲ. ಮನಸ್ಸಿಗೆ ಜೋಮು ಹಿಡಿದಂತಿತ್ತು.

“ಗೆಳತಿ ಅಂದ್ರೆ ಯಾರಿಗೆ ಬರದ್ದು ಅಂತ ಅವಳಿಗೆ ಗೊತ್ತಾಗೂದಿಲ್ಲ,” ಎಂದಳು ಹುಡುಗಿ ಕೊನೆಗೆ. “ನಾ ಅವಳನ್ನ ಕೂಸೆ ಅಂತ್ಲೇ ಕರೆಯೂದು.”

“ಹಾಗಿದ್ರೆ ಹೀಗೇ ಕಳ್ಸೋಣ.”

“ಕೆಂಪು ಗೀಟು ಉಂಟಲ್ಲ.”

“ಅದಕ್ಕೆ ಎಂತ ಮಾಡೂದು? ನೀನೇ ಹೇಳು.”

ಅನನ್ಯ ಪೆನ್ಸಿಲ್ ತೆಗೆದು, ಅಡಿಯಲ್ಲಿ ದಪ್ಪಕ್ಕೆ ಬರೆದಳು: ‘ಕೆಂಪು ಟೀಚರದ್ದು. ನಂದಲ್ಲ.’

ಯಮುನಮ್ಮ ಓದಿದರು. ತಿದ್ದಲಿಲ್ಲ. ಸಂಜೆ ಬಸ್ಸಿಗೆ ಹೋಗುವಾಗ, ಹುಡುಗಿಯನ್ನೂ ಜೊತೆಗೆ ಕರೆದುಕೊಂಡು, ಲಕೋಟೆಯನ್ನು ಅವಳ ಕೈಯಿಂದಲೇ ಅಂಚೆ ಡಬ್ಬಿಗೆ ಹಾಕಿಸಿದರು. ಒಳಗೆ ಬೇರೆ ಕಾಗದವಿರಲಿಲ್ಲವೇನೋ, ಅದು ತಳಕ್ಕೆ ಬಿದ್ದ ಸದ್ದು ಕೇಳಿಸಿತು.