ಪ, ಬ, ಮ ಮತ್ತು ಶೋಭಾನೆ

"ಹೇಳು ನೋಡುವ, ಪ... ಪಾಪು," ಎಂದ ಗಂಡ ಅಚ್ಚುತ, ಬೆಳಗ್ಗಿನ ಚಹಾಕ್ಕಿಂತ ಮೊದಲೇ. ಕಮಲಾವತಿಗೆ ಮೈಯೆಲ್ಲ ಉರಿಯಿತು.

ಪಾರ್ಶ್ವವಾಯು ಬಡಿದು ಅವಳ ಮಾತು ನಿಂತಾಗ, ಪುತ್ತೂರಿನಲ್ಲಿ ಮಾತು ಕಲಿಸುವ ಹುಡುಗಿ ಹೇಳಿದ್ದಳು: ಮೊದಲು ತುಟಿ ಕೂಡಿಸುವ ಅಕ್ಷರ, ಆಮೇಲೆ ಹಲ್ಲಿಗೆ ತಾಗುವವು, ಕೊನೆಗೆ ನಾಲಗೆ ಮಡಚುವ ಳ, ಣ. ಅಚ್ಚುತ ಅದನ್ನೇ ವೇದವಾಕ್ಯ ಮಾಡಿಕೊಂಡು ತಾನೇ ಒಂದು ಹಾಡು ಕಟ್ಟಿದ: ಬಾ ಬಾ ಪಾಪು, ಬಾ ಬಾ ಮಾಮಿ. ಕುರಿಗೂ ಸಾಲದ ಸಾಹಿತ್ಯ! ಸುಳ್ಯ ಸೀಮೆಯ ಮದುವೆಗಳಲ್ಲಿ ಶೋಭಾನೆ ಹಾಡಿಯೇ ತಲೆ ನರೆತವಳಿಗೆ ಇದೊಂದು ಶಿಕ್ಷೆ. ಬಯ್ಯಬೇಕೆಂದರೆ ಬೈಗುಳವೂ ಬಾಯಿಗೆ ಬರುತ್ತಿರಲಿಲ್ಲ.

ಅಂದು ಅವಳ ತಮ್ಮನ ಮಗಳು ದೀಪ್ತಿಯ ಮದುವೆ. ಆ ಮನೆಯ ಯಾವ ಹುಡುಗಿಯೂ ಕಮಲಾವತಿಯ ಶೋಭಾನೆ ಇಲ್ಲದೆ ಮದುವೆಯಾದದ್ದಿಲ್ಲ. ಹಾಲ್‌ಗೆ ಕಾಲಿಟ್ಟದ್ದೇ ದೀಪ್ತಿಯ ಅಣ್ಣ ಉಲ್ಲಾಸ್ ಕುರ್ಚಿ ಎಳೆದು ಕೊಟ್ಟ.

"ಅತ್ತೆ, ನೀವು ಆರಾಮ ಕೂತ್ಕೊಳ್ಳಿ. ಶೋಭಾನೆ ಪೆನ್‌ಡ್ರೈವಿನಲ್ಲಿ ಉಂಟು."

ಪೆನ್‌ಡ್ರೈವಿನ ಗಾಯಕಿಯೋ, ವಾರ್ತೆ ಓದುವವಳ ಹಾಗೆ ಅಕ್ಷರಕ್ಕಕ್ಷರ ತೊಳೆದು ಹಾಡಿದಳು. ಇಲ್ಲದ ಕಡೆಯೆಲ್ಲ ಮಹಾಪ್ರಾಣ. ಒಬ್ಬಳು ಹಾಡಿದ ಸಾಲನ್ನು ಉಳಿದ ಹೆಂಗಸರು ತಿರುಗಿ ಹಾಡುವುದು ಶೋಭಾನೆಯ ಕ್ರಮ. ಇವಳು ಅದಕ್ಕೆ ಎಡೆಯನ್ನೇ ಕೊಡಲಿಲ್ಲ. ಹೆಂಗಸರು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಸಾಲು ಸುರುವಾಗುತ್ತಿತ್ತು. ಮಂಟಪದಿಂದ ದೀಪ್ತಿ ಅತ್ತೆಯ ಕಡೆ ನೋಡಿದಳು.

ಕಮಲಾವತಿ ಎದ್ದು, ಆ ಗಲಾಟೆ ನಿಲ್ಲಿಸು ಎಂದು ಉಲ್ಲಾಸನಿಗೆ ಕೈಸನ್ನೆ ಮಾಡಿದಳು. ಅವನು ಪೆನ್‌ಡ್ರೈವ್ ಕಿತ್ತ. ಅಚ್ಚುತ ಓಡಿಬಂದ.

"ಕೂತ್ಕೊ ಮಾರಾಯ್ತಿ, ನಿನಗೆ ಇನ್ನೂ 'ಮ' ಸರಿ ಬರುದಿಲ್ಲ!"

ಅವಳು ರಾಗ ಎತ್ತಿದಳು. ರಾಗದ ಹಿಂದೆಯೇ ಮೊದಲ ಸಾಲು ಬಂತು. ಳ ಬಂತು, ಣ ಬಂತು, ಒಂದಕ್ಷರ ಎಡವಲಿಲ್ಲ. ಹೆಂಗಸರು ತಿರುಗಿ ಹಾಡಿದರು. ಹೀಗೆ ಇಡೀ ಶೋಭಾನೆ ಮುಗಿಯುವಾಗ ದೀಪ್ತಿ ಅಳುತ್ತಿದ್ದಳು, ಕಮಲಾವತಿಗೆ ಹೇಳಲಾಗದಷ್ಟು ಖುಷಿಯಾಗಿತ್ತು.

"ಮಾತು ಬಂತು! ಎಂತಾದ್ರೂ ಹೇಳು ನೋಡುವ," ಎಂದ ಅಚ್ಚುತ.

ಅವಳು ಬಾಯಿ ತೆರೆದಳು. "ಪ್... ಪ..." ಅಷ್ಟೇ.

ಎಲ್ಲರೂ ನೆಲ ನೋಡಿದರು. ಅವಳಿಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. ಅಚ್ಚುತ ಬೆನ್ನು ಸವರಿದ. "ಪರವಾಗಿಲ್ಲ. ನಾಳೆ ಬೆಳಿಗ್ಗೆ ಪುನಃ 'ಪಾಪು'ವಿಂದ ಸುರು ಮಾಡುವ."

ಇನ್ನು ಅವಳಿಂದ ತಡೆಯಲಾಗಲಿಲ್ಲ. ಸಿಟ್ಟಿನಲ್ಲಿ ಅದೇ ಶೋಭಾನೆಯ ರಾಗ ಹಿಡಿದಳು. ಒಳಗೆ ತಿಂಗಳುಗಟ್ಟಲೆ ಕೊಳೆತದ್ದು ಆ ರಾಗ ಹತ್ತಿ ಹೊರಗೆ ಬಂತು:

"ಮಗುವಲ್ಲ ನಾನು, ಸಾಕು ನಿಮ್ಮ ಪಾಠ..."

ಹೆಂಗಸರೆಲ್ಲ ಕ್ರಮ ತಪ್ಪಿಸದೆ, ಅಚ್ಚುತನ ಮುಖ ನೋಡಿಕೊಂಡೇ ತಿರುಗಿ ಹಾಡಿದರು: "ಮಗುವಲ್ಲ ನಾನು, ಸಾಕು ನಿಮ್ಮ ಪಾಠ."