ಬೀಗರ ಕವಚದ ಅಳತೆ

ಭೀಮಣ್ಣನವರ ಹೊಟ್ಟೆಯ ಸುತ್ತಳತೆ ಎಷ್ಟು ಎಂಬ ಪ್ರಶ್ನೆ ಈ ಸಲ ಜನವರಿಯಲ್ಲಿ ಎದ್ದಿತು. ಪ್ರಶ್ನೆ ಗಂಭೀರವಾದದ್ದು. ಗಡಿಯ ಪ್ರಶ್ನೆಗಾದರೂ ಹಿಂದೆ ಒಂದು ಆಯೋಗ ಕೂತಿತ್ತು, ವರದಿಯೊಂದು ಬಂದಿತ್ತು. ಭೀಮಣ್ಣನವರ ಹೊಟ್ಟೆಯ ಬಗ್ಗೆ ಅಂಥ ಯಾವ ದಾಖಲೆಯೂ ಇರಲಿಲ್ಲ. ಅದನ್ನು ಕೇಳಬೇಕಾದವನು ಅವರ ಅಳಿಯ ಯೋಗಿರಾಜ. ಅಳಿಯನಾದವನು ಮಾವನ ಹೊಟ್ಟೆಯ ಅಳತೆ ಕೇಳುವ ಪದ್ಧತಿ ಸೊಲ್ಲಾಪುರದಿಂದ ಅಕ್ಕಲಕೋಟೆಯವರೆಗೆ ಯಾವ ಮನೆತನದಲ್ಲಿಯೂ ಇಲ್ಲ.

ವಿಷಯ ಇಷ್ಟು. ಅಕ್ಕಲಕೋಟೆ ತಾಲೂಕಿನ ಭೀಮಣ್ಣನವರ ಊರಿನ ಕನ್ನಡ ಶಾಲೆಗೆ ಎಪ್ಪತ್ತೈದು ತುಂಬಿತ್ತು. ಹಳೆಯ ವಿದ್ಯಾರ್ಥಿಗಳ ಮೇಳಾವಾ ಎಂದು ನಿಶ್ಚಯವಾಯಿತು. ಮೇಳಾವಾದಲ್ಲಿ ಒಂದು ನಾಟಕ, ನಾಟಕದಲ್ಲಿ ಒಬ್ಬ ರಾಜ, ರಾಜನಾಗಿ ಭೀಮಣ್ಣ. ಇವು ಒಂದರ ಹಿಂದೊಂದು ತಾವಾಗಿಯೇ ಬಂದವು. ಮೂವತ್ತು ಎಕರೆ ಕಬ್ಬು ಇದ್ದವರಿಗೆ ಸೇನಾಪತಿಯ ಪಾತ್ರ ಕೊಡಲು ಬರುವುದಿಲ್ಲ. ನಾಟಕ ಬರೆದವರು ನಿವೃತ್ತ ಮುಖ್ಯಾಧ್ಯಾಪಕರು. ಭಾಷೆ ಅಪ್ಪಟ ಕನ್ನಡ. ಸೈನಿಕರ ಪಾತ್ರದ, ಮರಾಠಿ ಶಾಲೆಯಲ್ಲಿ ಕಲಿತ ಹುಡುಗರಿಗೆ ಮಾತ್ರ ಕನ್ನಡ ಓದಲು ಬಾರದ್ದರಿಂದ ಅವರ ಮಾತುಗಳನ್ನು ಮರಾಠಿ ಲಿಪಿಯಲ್ಲಿ ಬರೆದುಕೊಟ್ಟಿದ್ದರು. ಹಿಂದೊಮ್ಮೆ ಇಂಥದೇ ನಾಟಕಕ್ಕೆ ಬಾಡಿಗೆ ತಂದಿದ್ದ ತಗಡಿನ ಕವಚ ಭೀಮಣ್ಣನವರ ಕಂಕುಳನ್ನು ಕೊರೆದು, ರಾಜರು ಮೂರನೆಯ ಅಂಕವಿಡೀ ಎರಡೂ ಕೈ ಮೇಲೆತ್ತಿಕೊಂಡೇ ರಾಜ್ಯವಾಳಿದ್ದರು. ಹೀಗಾಗಿ ಮಗಳು ಮನೀಷಾ ಫೋನಿನಲ್ಲಿ, "ಅಪ್ಪಾ, ಈ ಸಲ ತಗಡ ಬ್ಯಾಡ. ನಿನ್ನ ಅಳಿಯ ಫೋಮಿಂದು ಮಾಡಿ ಕೊಡ್ತಾರ," ಎಂದುಬಿಟ್ಟಳು. ಪಕ್ಕದಲ್ಲೇ ಊಟಕ್ಕೆ ಕೂತಿದ್ದ ಯೋಗಿರಾಜನಿಗೆ ತಾನು ಮಾಡಿಕೊಡುವ ಸಂಗತಿ ತಿಳಿದದ್ದು ಆಗಲೇ.

ತಿಳಿದು ಬೇಸರವೇನೂ ಆಗಲಿಲ್ಲ. ಸೊಲ್ಲಾಪುರದ ಪೇಟೆಯಲ್ಲಿ ಅವನ ತಂದೆ ಸಾತಲಿಂಗಪ್ಪನವರ ಚಾದರದ ಅಂಗಡಿ ಇದೆ. ಅಂಗಡಿಯ ಮೇಲೆ ಒಂದು ಅಟ್ಟ ಇದೆ. ಆ ಅಟ್ಟದಲ್ಲಿ ಕೂತು, ನಾಟಕದವರಿಗೆ, ಶಾಲೆಯ ಗ್ಯಾದರಿಂಗಿನವರಿಗೆ, ಮೆರವಣಿಗೆಯವರಿಗೆ ಫೋಮಿನ ಕವಚ, ಶಿರಸ್ತ್ರಾಣ ಮಾಡಿ ಕೊಡಬೇಕೆಂಬುದು ಮೂವತ್ತೈದರ ಯೋಗಿರಾಜನ ಒಂದು ವರ್ಷದ ಆಸೆ. ಮೊಬೈಲಿನಲ್ಲಿ ನೋಡಿ ನೋಡಿ ಒಂದು ಶಿರಸ್ತ್ರಾಣ ಮಾಡಿಯೂ ಇದ್ದ. ಅಟ್ಟವನ್ನು ಕೇಳಿದಾಗಲೆಲ್ಲ ಸಾತಲಿಂಗಪ್ಪ, "ಅಟ್ಟ ಇರೋದು ಮಾಲಿಗಿ. ಫೋಮ ಇರೋದು ಗಾದಿಗಿ. ಅದನ್ನ ಎದಿಗಿ ಕಟ್ಟಿಕೊಂಡು ತಿರಗಾವ ಯಾವ ಶಾಣ್ಯಾ?" ಎನ್ನುತ್ತಿದ್ದರು.

ಈಗ ಅವರು ಸ್ವಲ್ಪ ಯೋಚಿಸಿ ಹೇಳಿದರು: "ಬೀಗರು ಒಪ್ಪಿದ್ರ ಅಟ್ಟ ನಿಂದು. ಬೀಗರು ಮಾರಿ ಸಣ್ಣ ಮಾಡಿದ್ರೋ, ಮತ್ತ ಈ ಮಾತ ನನ್ನ ಮುಂದ ತಗೀಬ್ಯಾಡ."

ಸಾತಲಿಂಗಪ್ಪ ಕೊಟ್ಟ ಮಾತಿಗೆ ತಪ್ಪುವವರಲ್ಲ ಎಂದು ಪೇಟೆಯಲ್ಲಿ ಹೆಸರಿತ್ತು. ಅವರು ಮಾತು ಕೊಡುವುದೇ ಕಡಿಮೆ ಎಂಬುದೂ ಪೇಟೆಗೆ ಗೊತ್ತಿತ್ತು.

ಫೋಮಿನ ಕವಚ ಮಾಡಲು ಹೊರಟ ಹೊಸಬರಿಗೆ ಬಲ್ಲವರು ಹೇಳುವ ಮೊದಲ ಪಾಠ: ತೊಡುವವರ ಮೈಗೆ ರೊಟ್ಟಿ ಸುತ್ತಿಡುವ ತೆಳು ಪ್ಲಾಸ್ಟಿಕ್ ಸುತ್ತಬೇಕು, ಅದರ ಮೇಲೆ ಪಾರ್ಸಲಿನ ಟೇಪು ಬಿಗಿಯಾಗಿ ಹಚ್ಚಬೇಕು, ಅದರ ಮೇಲೆ ಕವಚದ ಗೆರೆ ಎಳೆದು, ಬೆನ್ನ ಹಿಂದೆ ಕತ್ತರಿಸಿ ಬಿಡಿಸಿಕೊಳ್ಳಬೇಕು. ಅದೇ ಅಚ್ಚು. ಈ ಪಾಠ ಹೇಳಿದವರಿಗೆ ಮಾವಂದಿರು ಇರಲಿಲ್ಲವೋ ಏನೋ. ಭೀಮಣ್ಣನವರ ಅಂಗಿಯನ್ನಾದರೂ ತರಿಸೋಣವೆಂದರೆ ಅವರು ತೊಡುವುದು ನೆಹರು ಅಂಗಿ. ಅದರೊಳಗೆ ಅವರಲ್ಲದೆ ಇನ್ನೊಬ್ಬರು ಇದ್ದರೂ ಹೊರಗಿನವರಿಗೆ ಗೊತ್ತಾಗುತ್ತಿರಲಿಲ್ಲ.

ಮನೀಷಾಳೇ ಧೈರ್ಯ ಮಾಡಿ ಫೋನು ಹಚ್ಚಿದಳು.

"ಅಪ್ಪಾ, ಮಾಪ ಬೇಕಾಗ್ಯಾದ."

"ಯಾತರದ?"

"ಎದೀದು... ಮತ್ತ ಹೊಟ್ಟೀದು."

ಆ ಕಡೆ ಎಮ್ಮೆಯೊಂದು ಒದರಿತು. ಆಮೇಲೆ ಭೀಮಣ್ಣ, "ಲಗ್ನಾಗಿ ಹನ್ನೊಂದು ವರ್ಷ ಆತು. ಅಳಿಯಂದ್ರು ನನ್ನ ನೋಡೇ ಇಲ್ಲೇನು?" ಎಂದು ಕೇಳಿ, ಬೀಗತಿಯ ಆರೋಗ್ಯ ವಿಚಾರಿಸಿ, ಫೋನು ಇಟ್ಟರು.

"ಆತಲ್ಲ?" ಎಂದಳು ಮನೀಷಾ. "ಇನ್ನ ನೀವುಂಟು, ನಿಮ್ಮ ಮಾವಾರುಂಟು."

ದಾರಿ ತೋರಿಸಿದವರು ಯೋಗಿರಾಜನ ತಾಯಿ ಅಕ್ಕನಾಗಮ್ಮ. ಅವರು ಮದುವೆಯ ಆಲ್ಬಂ ತೆಗೆದು, ಬೀಗರಿಬ್ಬರೂ ಹೆಗಲಿಗೆ ಹೆಗಲು ಹಚ್ಚಿ ನಿಂತ ಪುಟವನ್ನು ಕನ್ನಡಕದಿಂದ ಒಮ್ಮೆ, ಕನ್ನಡಕ ತೆಗೆದು ಒಮ್ಮೆ ನೋಡಿದರು.

"ಇಬ್ರೂ ಒಂದ ತಕ್ಕಡಿ ಕಲ್ಲು. ನಿಮ್ಮಪ್ಪಗ ಸುತ್ತು, ಅವರಿಗಿ ಬರೋಬ್ಬರ ಕೂಡ್ತದ."

ಇದು ಸಾತಲಿಂಗಪ್ಪನವರಿಗೆ ಸರಿಬರಲಿಲ್ಲ. "ಒಂದ ಹೆಂಗಾಗ್ತದ? ಬೀಗರು ನನಗಿಂತ ನಾಕ ಬಟ್ಟು ಹೆಚ್ಚ ಅದಾರ."

"ಯಾವಾಗ ಅಳದ್ರಿ?"

"ಅಳೀಬೇಕೇನ? ನಲವತ್ತು ವರ್ಷ ಅರಬಿ ಅಳದ ಕಣ್ಣು ಇದು. ಯೋಗ್ಯಾ, ನನ್ನ ಮಾಪ ತಗೋ, ಅದಕ್ಕ ನಾಕ ಬಟ್ಟು ಕೂಡಸು. ಬೀಗರಿಗಿ ಕೊಡೋದು ಬಿಗಿ ಆಗಬಾರದು. ಮರ್ಯಾದಿ ಪ್ರಶ್ನೆ."

ಮರುದಿನ ಮಧ್ಯಾಹ್ನ, ಗಿರಾಕಿ ಇಲ್ಲದ ಹೊತ್ತು ನೋಡಿ, ಅಂಗಡಿಯ ಹಿಂಬದಿಯಲ್ಲಿ ಸಾತಲಿಂಗಪ್ಪನವರನ್ನು ಬನಿಯನ್ನಿನ ಮೇಲೆ ಸುತ್ತಲಾಯಿತು. ಯೋಗಿರಾಜ ಟೇಪು ಹಿಡಿದು ಅವರ ಸುತ್ತ ಪ್ರದಕ್ಷಿಣೆ ಹಾಕಿದ. ಕೈಗಳೂ ಒಳಗೇ ಸೇರಿಹೋದದ್ದು ಮೂರನೆಯ ಸುತ್ತಿನಲ್ಲಿ ಗಮನಕ್ಕೆ ಬಂತು. ಬಿಚ್ಚಬೇಕು ಎನ್ನುವಷ್ಟರಲ್ಲಿ ಮಂದ್ರೂಪದ ಅಮೋಗಸಿದ್ಧ ಒಳಗೆ ಬಂದ. ಹಳೆಯ ಗಿರಾಕಿ, ಅಣ್ಣನ ಮಗಳ ಮದುವೆಗೆ ಚಾದರ ಬೇಕಾಗಿದ್ದವು. ಅವನು ಸಾವಕಾರರನ್ನು ಮೇಲಿಂದ ಕೆಳಗೆ ನೋಡಿದ.

"ಏನ್ರಿ ಸಾವಕಾರ್ರ, ಪಾರ್ಸಲ್ ಎಲ್ಲಿಗಿ ಹೊಂಟದ?"

"ಬೀಗರ ಊರಿಗಿ," ಎಂದರು ಸಾತಲಿಂಗಪ್ಪ. "ಎಷ್ಟ ಬೇಕು?"

ಆರು ಚಾದರ ಬೇಕಾಗಿದ್ದವನಿಗೆ ಅವರು ಗದ್ದದಿಂದ ತೋರಿಸಿಯೇ ಒಂಬತ್ತು ಮಾರಿದರು.

ಅಚ್ಚು ಚೊಕ್ಕಟವಾಗಿ ಬಂತು. ಯೋಗಿರಾಜ ಅದನ್ನು ಚಪ್ಪಟೆ ಬಿಡಿಸಿ, ಹಳೆಯ ಮರಾಠಿ ಪೇಪರಿನ ಮೇಲೆ ಗೆರೆ ಎಳೆದುಕೊಂಡು, ಎರಡೂ ಮಗ್ಗುಲಿಗೆ ಕೂಡಿ ನಾಲ್ಕು ಬೆರಳು ಹೆಚ್ಚಿಸಿದ. ಫೋಮಿನ ಹಾಳೆ ತಂದದ್ದು ಚಪ್ಪಲಿಯ ಅಟ್ಟೆಗೆ ಮಾಲು ಪೂರೈಸುವ ಒಂದು ಗೋದಾಮಿನಿಂದ. ಇದು ಅಕ್ಕನಾಗಮ್ಮನವರಿಗೆ ತಿಳಿದು ಮನೆಯಲ್ಲಿ ಒಂದು ಹೊತ್ತು ಒಲೆ ಹೊತ್ತಲಿಲ್ಲ.

"ಚಪ್ಪಲಿ ಅಟ್ಟಿ ತಂದು ಬೀಗರ ಎದಿಗಿ ಕಟ್ಟತೀಯೇನೋ? ಊರ ಮುಂದ?"

"ಅವ್ವಾ, ಇದು ಇನ್ನಾ ಚಪ್ಪಲಿ ಆಗಿಲ್ಲ. ಸಾಲ್ಯಾಗ ಸಣ್ಣ ಹುಡುಗರು ಕೂಡೋ ಗಾದಿನೂ ಇದರದ."

ಅಕ್ಕನಾಗಮ್ಮ ಹಾಳೆಯ ಎರಡೂ ಬದಿ ನೋಡಿದರು. ಎಲ್ಲಿಯೂ ಚಪ್ಪಲಿಯ ನಂಬರು ಬರೆದಿರಲಿಲ್ಲ. ಒಂದು ಚಿಟಿಕೆ ವಿಭೂತಿ ಹಚ್ಚಿ, "ಮಾಡು," ಎಂದರು.

ಮುಂದಿನ ಹದಿನೈದು ದಿನ ಯೋಗಿರಾಜ ಕಲಿತದ್ದನ್ನು ಬರೆದಿಟ್ಟರೆ ಇನ್ನೊಬ್ಬ ಹೊಸಬನಿಗೆ ಉಪಯೋಗವಾದೀತು. ಬ್ಲೇಡು ನೆಟ್ಟಗೆ ಹಿಡಿಯಬೇಕು. ಓರೆಯಾದರೆ ಎರಡು ಅಂಚು ಕೂಡುವುದಿಲ್ಲ. ಬ್ಲೇಡು ಮೊಂಡಾದ ಮೇಲೆ ಬದಲಿಸುವುದಲ್ಲ, ಮೊಂಡಾಗುವ ಮೊದಲೇ ಬದಲಿಸಬೇಕು. ಇದು ಚಾದರದ ವ್ಯಾಪಾರದವರಿಗೆ ಒಪ್ಪುವ ಮಾತಲ್ಲ, ಆದರೂ ಬದಲಿಸಬೇಕು. ಬಿಸಿಗಾಳಿ ಊದುವ ಗನ್ನಿನಿಂದ ಫೋಮನ್ನು ಕಾಯಿಸಿದರೆ ಮೇಲ್ಮೈ ಒಂದು ಕ್ಷಣ ಮಿಂಚುತ್ತದೆ. ಆ ಕ್ಷಣದಲ್ಲಿ ಬಗ್ಗಿಸಿದರೆ ಬಗ್ಗಿದಂತೆಯೇ ಉಳಿಯುತ್ತದೆ. ಎದೆಯ ಉಬ್ಬನ್ನು ಅವನು ಅಡುಗೆಮನೆಯ ದೊಡ್ಡ ಹಂಡೆಯ ಮೇಲೆ ಬಗ್ಗಿಸಿದ. ಅಂಟು ಎರಡೂ ಅಂಚಿಗೆ ಹಚ್ಚಬೇಕು; ಹಚ್ಚಿ ಹತ್ತು ನಿಮಿಷ ಸುಮ್ಮನೆ ಕೂಡಬೇಕು; ಬೆರಳಿಗೆ ಹತ್ತದಷ್ಟು ಒಣಗಿದ ಮೇಲೆ ಒತ್ತಬೇಕು. ಒಮ್ಮೆ ಒತ್ತಿದರೆ ಮುಗಿಯಿತು, ಸರಿಪಡಿಸಲು ಬರುವುದಿಲ್ಲ. ಕಿಟಕಿ ತೆರೆದಿರಬೇಕು. ಬಣ್ಣಕ್ಕೆ ಮೊದಲು ತೆಳುವಾಗಿ ಅಂಟಿನ ಲೇಪ ಕೊಡದಿದ್ದರೆ ಫೋಮು ಎಷ್ಟು ಬಣ್ಣವನ್ನಾದರೂ ಕುಡಿಯುತ್ತದೆ. ಕಂಕುಳ ಕೆಳಗೆ ಧಾರಾಳವಾಗಿ ಕತ್ತರಿಸಿ ತೆಗೆಯಬೇಕು; ರಾಜನಾದವನಿಗೆ ಕೈ ಇಳಿಸಲೂ ಬರಬೇಕು.

ಕಂಚಿನ ಬಣ್ಣ ಹತ್ತಿದ ಮೇಲೆ ಸಾತಲಿಂಗಪ್ಪ ಅದನ್ನು ಎತ್ತಿ ನೋಡಿದರು. ಹೂವಿನಷ್ಟು ಹಗುರ. "ಮಸ್ತ ಕಾಣ್ತದ," ಎಂದರು. ತಕ್ಷಣ, "ಬೀಗರು ಏನಂತಾರೋ ನೋಡೂಣು," ಎಂದೂ ಸೇರಿಸಿದರು.

ಮೇಳಾವಾ ಫೆಬ್ರುವರಿಯ ಒಂದು ಭಾನುವಾರ, ಬೆಳಗಿನ ಹನ್ನೊಂದಕ್ಕೆ. ಅಕ್ಕಲಕೋಟೆಯಲ್ಲಿ ಸ್ವಾಮಿಗಳ ದರ್ಶನ ಮುಗಿಸಿಕೊಂಡು ನಾಲ್ವರೂ ಊರು ಮುಟ್ಟಿದರು. ಬೀಗರೆಂದು ಸಾತಲಿಂಗಪ್ಪನವರ ತಲೆಗೆ ಕೇಸರಿ ಫೇಟಾ ಸುತ್ತಿ ಮೊದಲ ಸಾಲಿನಲ್ಲಿ ಕೂಡಿಸಿದರು, ಪಕ್ಕದಲ್ಲಿ ಅಕ್ಕನಾಗಮ್ಮ. ಯೋಗಿರಾಜ, ಮನೀಷಾ ಕವಚ ಹಿಡಿದುಕೊಂಡು ನಾಲ್ಕನೇ ಇಯತ್ತೆಯ ಕೋಣೆಗೆ ಹೋದರು. ಅಲ್ಲಿ ಭೀಮಣ್ಣ ಜರಿಯ ಧೋತರದಲ್ಲಿ, ಮೀಸೆಗೆ ಕಾಡಿಗೆ ಹಚ್ಚಿಕೊಂಡು, ಮಕ್ಕಳ ಬೆಂಚಿನ ಮೇಲೆ ಕೂತಿದ್ದರು.

ಯೋಗಿರಾಜ ಕವಚದ ಮೊಣಕಾಲ ಕೆಳಗಿನ ತುಂಡುಗಳನ್ನು ಕಟ್ಟಲು ಬಗ್ಗಿದ. ಭೀಮಣ್ಣ ಥಟ್ಟನೆ ಕಾಲು ಹಿಂದಕ್ಕೆ ಎಳೆದುಕೊಂಡರು.

"ಛೇ ಛೇ, ಅಳಿಯಂದ್ರ! ನಿಮ್ಮ ಕಾಲ ನಾವು ತೊಳದೀವಿ. ನಮ್ಮ ಕಾಲಿಗಿ ನೀವು ಕೈ ಹಚ್ಚತೀರೇನು?"

ಕಾಲಿನದನ್ನು ಮನೀಷಾ ಕಟ್ಟಿದಳು. ಎದೆಯ ಕವಚವನ್ನು ಯೋಗಿರಾಜ ದೂರದಿಂದಲೇ ಎಂಬಂತೆ ತೊಡಿಸಿ, ಪಟ್ಟಿ ಹಾಕಿ, ಹಿಂದೆ ಸರಿದ. "ಒಮ್ಮಿ ತಿರಗ್ರಿ, ಮಾವಾರ."

ಭೀಮಣ್ಣ ತಿರುಗಿದರು. ಕವಚ ತಿರುಗಲಿಲ್ಲ.

ಅವರು ತಲೆ ಬಗ್ಗಿಸಿ ನೋಡಿಕೊಂಡರು. ಕವಚದ ಎದೆಯ ಮೇಲೆ ಯೋಗಿರಾಜ ಕೂಡಿಸಿದ್ದ ಫೋಮಿನ ಸೂರ್ಯ ಎಡಗಡೆಯ ಪಕ್ಕೆಯ ಕಡೆ ಹೋಗಿದ್ದ. ಕವಚಕ್ಕೂ ಹೊಟ್ಟೆಗೂ ನಡುವೆ ಅವರ ಅಂಗೈ ಆರಾಮಾಗಿ ಹೋಯಿತು. ಮುಖ ಸಣ್ಣದಾಗತೊಡಗಿತು.

"ಅಳಿಯಂದ್ರ, ನಾ ಇಷ್ಟು ದಪ್ಪ ಕಾಣ್ತೀನೇನು?"

"ಇಲ್ರಿ, ಮಾವಾರ."

"ಮತ್ತ ಯಾರ ಮಾಪರಿ ಇದು?"

ಯೋಗಿರಾಜನ ಕಣ್ಣ ಮುಂದೆ ಅಟ್ಟ ನಿಂತಿತು. ಅಂದಾಜಿನಿಂದ ಮಾಡಿದೆ ಎಂದರೆ ಮಾವ ಮುನಿಯುತ್ತಾರೆ, ಅಟ್ಟ ಹೋಯಿತು. ಅಪ್ಪನ ಅಳತೆಗೆ ನಾಲ್ಕು ಬೆರಳು ಕೂಡಿಸಿದೆ ಎಂದರೆ, ಕೂಡಿಸಲು ಹೇಳಿದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಆಗ ಬೀಗರಿಬ್ಬರೂ ಹೋದರು, ಅಟ್ಟವೂ ಹೋಯಿತು. ಖರೆ ಹೇಳಬೇಕು, ಪೂರಾ ಹೇಳಬಾರದು ಎಂದು ಅವನಿಗೆ ಹೊಳೆಯಿತು. ಎಷ್ಟಾದರೂ ವ್ಯಾಪಾರಸ್ಥರ ಮನೆಯ ಹುಡುಗ.

"ನಮ್ಮಪ್ಪಂದ್ರಿ," ಎಂದ. "ನಿಮ್ಮನ್ನ ಕೇಳಾಕ ಧೈರ್ಯ ಆಗಲಿಲ್ಲ. ಅಪ್ಪನ ಮೈಗಿ ಟೇಪ ಸುತ್ತಿ ಅಚ್ಚ ತಗದೆ."

ಮನೀಷಾ ಗಂಡನ ಮುಖ ನೋಡಿದಳು. ಆಮೇಲೆ ಗೋಡೆಯ ಮೇಲಿನ ಮಗ್ಗಿ ಓದತೊಡಗಿದಳು.

"ಬೀಗರದಾ?" ಎಂದರು ಭೀಮಣ್ಣ. ಮತ್ತೊಮ್ಮೆ ಅಂಗೈಯನ್ನು ಒಳಗೆ ತೂರಿಸಿ, ನಾಲ್ಕು ಬೆರಳನ್ನೂ ಅಗಲಿಸಿ ಅಂದಾಜು ಮಾಡಿದರು. ಸಣ್ಣದಾಗಿದ್ದ ಮುಖ ಮೆಲ್ಲಗೆ ಅರಳಿತು. "ಬೀಗರು ಇಷ್ಟ ಅದಾರ? ಅರೇ! ಕೂತು ಮಾಡೋ ಧಂದಾ ನೋಡ್ರಿ. ನಾವು ಹೊಲಾ ತಿರಗಾವ್ರು. ಮನೀಷಾ, ನೋಡ ಬಾ ಇಲ್ಲಿ, ನಿಮ್ಮ ಮಾವಂದು ನನಗ ಎಷ್ಟ ಢಿಲ್ಲಾ ಆಗ್ಯಾದ!"

ಯೋಗಿರಾಜ ಬ್ಲೇಡು ತೆಗೆದ. ಒಂದು ಮಗ್ಗುಲಿನಿಂದ ನಾಲ್ಕು ಬೆರಳ ಪಟ್ಟಿ ಕತ್ತರಿಸಿ, ಎರಡೂ ಅಂಚಿಗೆ ಅಂಟು ಹಚ್ಚಿ, ಹತ್ತು ನಿಮಿಷ ಕಾದ. ಅವಸರವೇನೂ ಇರಲಿಲ್ಲ, ಹೊರಗೆ ಅಧ್ಯಕ್ಷರು ತಮಗೆ ವೇಳೆ ಕಡಿಮೆ ಇದೆಯೆಂದು ಆಗಷ್ಟೇ ಭಾಷಣ ಆರಂಭಿಸಿದ್ದರು. ಒತ್ತಿದ ಅಂಚು ಗಟ್ಟಿಯಾಗಿ ಕೂತಿತು. ಈ ಸಲ ಭೀಮಣ್ಣ ತಿರುಗಿದರೆ ಸೂರ್ಯನೂ ತಿರುಗಿದ.

ನಾಟಕ ನಡೆಯಿತು. ರಾಜರು ಎರಡೂ ಕೈ ಇಳಿಸಿ ರಾಜ್ಯವಾಳಿದರು, ಯುದ್ಧದಲ್ಲಿ ಬಿದ್ದು ಯಾರ ನೆರವೂ ಇಲ್ಲದೆ ಎದ್ದರು. ಕೊನೆಗೆ ಸತ್ಕಾರದ ಹೊತ್ತಿನಲ್ಲಿ ಭೀಮಣ್ಣ ಮೈಕು ಹಿಡಿದರು. ಇನ್ನೊಂದು ಕೈಯಲ್ಲಿ ಕತ್ತರಿಸಿ ತೆಗೆದ ಪಟ್ಟಿ ಇತ್ತು.

"ಈ ಕವಚ ನಮ್ಮ ಅಳಿಯಂದ್ರು ಮಾಡ್ಯಾರ. ಇಂಥಾದ್ದು ಇಡೀ ಜಿಲ್ಲಾದಾಗ ಸಿಗಾಂಗಿಲ್ಲ. ಮಾಪ ಮಾತ್ರ ನಮ್ಮ ಬೀಗರದು. ನನಗ ನಾಕ ಬಟ್ಟು ಢಿಲ್ಲಾ ಆತು, ಕತ್ತರಿಸಬೇಕಾತು. ಬೀಗರ, ನಿಮ್ಮ ಸಾಮಾನ ನಿಮಗ ಮುಟ್ಟಲಿ!"

ಪಟ್ಟಿ ಕೈಯಿಂದ ಕೈಗೆ ದಾಟಿ ಮೊದಲ ಸಾಲಿಗೆ ಬಂತು. ಸಭೆಯೆಲ್ಲ ನಕ್ಕು ಚಪ್ಪಾಳೆ ತಟ್ಟಿತು. ಸಾತಲಿಂಗಪ್ಪ ಫೇಟಾದೊಂದಿಗೆ ಅರ್ಧ ಎದ್ದರು. ಆ ನಾಲ್ಕು ಬೆರಳು ತಮ್ಮದಲ್ಲ ಎಂದು ಹೇಳಬಹುದಿತ್ತು. ಹೇಳಿದರೆ, ಬೀಗರು ತಮಗಿಂತ ದಪ್ಪವೆಂದು ತಾವೇ ಅದನ್ನು ಕೂಡಿಸಲು ಹೇಳಿದ್ದನ್ನೂ ಹೇಳಬೇಕಾಗುತ್ತಿತ್ತು. ಎದ್ದದ್ದಕ್ಕೆ ಒಂದು ಕಾರಣ ಬೇಕಾದ್ದರಿಂದ ಸಭೆಗೆ ಕೈ ಮುಗಿದು, ಕೂತರು. ಅಕ್ಕನಾಗಮ್ಮ ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದರು.

ಹಿಂದಿರುಗುವಾಗ ಕಾರು ದಾರಿಯಲ್ಲಿನ ವಳಸಂಗ ಊರು ದಾಟಿತು. ಪಟ್ಟಿ ಸಾತಲಿಂಗಪ್ಪನವರ ತೊಡೆಯ ಮೇಲಿತ್ತು.

"ನಾಕ ಬಟ್ಟು ಕೂಡಸಿದ್ದು ನೀ ಹೇಳಲಿಲ್ಲ," ಎಂದರು ಸಾತಲಿಂಗಪ್ಪ.

"ಇಲ್ಲಪಾ."

"ಯಾಕ?"

"ಯಾರು ಕೂಡಸಂದ್ರು ಅಂತ ಕೇಳತಿದ್ರು."

ಸಾತಲಿಂಗಪ್ಪ ಕಿಟಕಿಯಾಚೆಯ ಜೋಳದ ಹೊಲಗಳನ್ನು ನೋಡಿದರು. ಮಗನ ಲೆಕ್ಕದಲ್ಲಿ ತಪ್ಪು ಸಿಗಲಿಲ್ಲ.

"ಒಪ್ಪ್ಯಾರಲ್ಲ, ಬೀಗರು?"

"ಒಪ್ಪ್ಯಾರ. ಸೇನಾಪತಿಗೂ ಒಂದು ಬೇಕಂತ."

"ಹೂಂ," ಎಂದರು ಸಾತಲಿಂಗಪ್ಪ.

ಸೋಮವಾರದಿಂದ ಅಟ್ಟ ಯೋಗಿರಾಜನದಾಯಿತು.