ಉಗುರಿನಷ್ಟು ಬೆಣ್ಣೆ

ಬೈಲಹೊಂಗಲದ ಸಂತೆಯಲ್ಲಿ ಬೆಣ್ಣೆ ಗಡಿಗೆಗಳ ಸಾಲಿಗೆ ಬುರಾನಸಾಬ ಬಂದನೆಂದರೆ ಹೆಂಗಸರು ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕೂಡುತ್ತಿದ್ದರು. ದುರ್ಗಪ್ಪನ ತುಪ್ಪದ ಅಂಗಡಿಗೆ ಬೆಣ್ಣೆ ಆರಿಸುವುದು ಅವನ ಕೆಲಸ. 'ಬಿಸ್ಮಿಲ್ಲಾ' ಎಂದು ಕಿರುಬೆರಳ ಉಗುರಿನಷ್ಟು ಬೆಣ್ಣೆಯನ್ನು ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚುವನು. ನುಂಗಿದರೆ ಮಾಲು ಪಾಸು. ಉಗುಳಿದರೆ ಆ ಗಡಿಗೆಯನ್ನು ಸಂತೆಯಲ್ಲಿ ಮತ್ತಾರೂ ಮುಟ್ಟುತ್ತಿರಲಿಲ್ಲ.

ಇಪ್ಪತ್ತೆರಡು ವರ್ಷ ಹೀಗೆ ನಡೆಯಿತು. ಒಂದು ದಿನ ಅವನ ಕಣ್ಣುರೆಪ್ಪೆಗಳ ಮೇಲೆ, ಮೂಗಿನ ಮಗ್ಗುಲಿಗೆ, ಅರಿಸಿನ ಮೆತ್ತಿದಂಥ ಹಳದಿ ಕಲೆಗಳು ಎದ್ದವು. ದೊಡವಾಡದಿಂದ ಬೆಣ್ಣೆ ತರುವ ಶಟ್ಟೆವ್ವ ನಕ್ಕಳು.

"ಬುರಾನಣ್ಣಾ, ತಿಂದ ಬೆಣ್ಣಿ ಕಣ್ಣಾಗ ಬಂದ್ ಕುಂತೈತಿ ನೋಡೋ!"

ಹೆಂಡತಿ ಹುಸೇನಮಾ ಅದನ್ನು ಬರಕತ್ತಿನ, ದೇವರ ಕೃಪೆಯ, ಗುರುತೆಂದೇ ನಂಬಿದ್ದಳು. ನೋವಿಲ್ಲ, ತುರಿಕೆಯಿಲ್ಲ. ಬೆಣ್ಣೆಯ ಡಬ್ಬಿ ಹೊತ್ತು ಬಸ್ಸಿನ ಏಣಿ ಹತ್ತುವಾಗ ಮಾತ್ರ ಎದೆಯ ಮೇಲೆ ಯಾರೋ ಕುಳಿತಂತಾಗುತ್ತಿತ್ತು. ಇಳಿದು ಒಂದು ಗಳಿಗೆ ಕೂತರೆ ಹೋಗುತ್ತಿತ್ತು. ಗ್ಯಾಸು ಎಂದುಕೊಂಡು ಸೋಡಾ ಕುಡಿಯುತ್ತಿದ್ದ.

ತೊಂಬತ್ತೊಂಬತ್ತನೆಯ ಇಸವಿಯ ಚಳಿಗಾಲದಲ್ಲಿ ಕುರಾನಿನ ಅಕ್ಷರಗಳು ಮಸುಕಾಗುತ್ತಿವೆಯೆಂದು ಅವನು ಕಣ್ಣಿನ ಶಿಬಿರಕ್ಕೆ ಹೋದ. ಡಾಕ್ಟರಮ್ಮ ಕಣ್ಣಿಗಿಂತ ಹೆಚ್ಚಾಗಿ ರೆಪ್ಪೆಗಳನ್ನೇ ನೋಡಿದರು.

"ಚಷ್ಮಾ ಆಮ್ಯಾಲೆ ಕೊಡತೇನಿ. ಮೆಟ್ಟಲಾ ಹತ್ತಿದ್ರ, ಭಾರ ಹೊತ್ರ ಎದಿ ಬಿಗೀತೈತೇನ್ರಿ?"

"ಅದನ್ನ ನಿಮಗ ಯಾರ್ ಹೇಳಿದ್ರವ್ವಾ?"

"ಈ ಹಳದಿ ಕಲಿ ಹೇಳಿದ್ವು. ರಕ್ತದಾಗ ಕೊಲೆಸ್ಟ್ರಾಲು ಏರಿದ್ರ ಕೆಲವರಿಗೆ ಹಿಂಗ ಬರತಾವು. ಭಾಳ ಮಂದಿಗೆ ಏನೂ ಕಾಣೂದಿಲ್ಲ, ಒಮ್ಮಿಗೇ ಎದಿ ಹಿಡಕೋತೈತಿ. ನಿಮ್ಮ ದೇವರು ಮುಖದ ಮ್ಯಾಲೆ ಚೀಟಿ ಬರದು ಕಳಿಸ್ಯಾನ, ಪುಣ್ಯವಂತರು."

ಅಂದೇ ಹೃದಯದ ಪರೀಕ್ಷೆಯಾಯಿತು. ಮರುದಿನ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟ. ಕೊಲೆಸ್ಟ್ರಾಲು ಮುನ್ನೂರರ ಮೇಲಿತ್ತು. ಹೃದಯದ ಡಾಕ್ಟರು ಚೀಟಿ ಓದಿ, "ಬೆಣ್ಣಿ, ತುಪ್ಪ ಎಷ್ಟ್ ತಿಂತೀರಿ?" ಎಂದರು.

"ಅಲ್ಲಾನ ಆಣಿ, ಮನ್ಯಾಗ ಮುಟ್ಟೂದಿಲ್ರಿ. ದಿನಾ ನೋಡಿ ನೋಡಿ ವಾಕರಿಕಿ ಬಂದೈತಿ. ಒಣ ರೊಟ್ಟಿ, ಪುಂಡಿಪಲ್ಯಾ ಅಷ್ಟ."

ಅವನು ಸುಳ್ಳು ಹೇಳಿರಲಿಲ್ಲ. ರುಚಿ ನೋಡುವುದು ತಿನ್ನುವುದೆಂದು ಅವನಿಗೆ ಎಂದೂ ಅನಿಸಿರಲಿಲ್ಲ. ಅದು ಕೆಲಸ, ಅಷ್ಟೇ. ಡಾಕ್ಟರು ಮಾತ್ರೆ ಬರೆದರು, ಡಬ್ಬಿ ಹೊರುವುದು ಬೇಡವೆಂದರು. "ಕುಂತಾಗ ಎದಿ ಹಿಡೀತು, ಬೆವರು ಬಂತು, ಎಡಗೈ, ದವಡಿ ನೋಯ್ತು ಅಂದ್ರ ಸೋಡಾ ಹುಡುಕಬ್ಯಾಡ್ರಿ. ಸೀದಾ ಆಸ್ಪತ್ರಿಗೆ ಬರ್ರಿ."

ಮನೆಯಲ್ಲಿ ಹುಸೇನಮಾ ಎಲ್ಲವನ್ನೂ ಕೇಳಿ ಎದ್ದಳು. ತಾಟು, ನೆರೆಮನೆಯಿಂದ ಇಸಿದುಕೊಂಡ ಬೆಣ್ಣೆ ತಂದು ಮುಂದಿಟ್ಟಳು. "ಒಂದ್ ಸಂತ್ಯಾಗ ಎಷ್ಟ್ ಗಡಿಗಿ?"

"ಐವತ್ತು. ಯರಗಟ್ಟಿ ಸಂತ್ಯಾಗ ಇನ್ನೂ ಹೆಚ್ಚು."

ಉಗುರಿನಷ್ಟು, ಉಗುರಿನಷ್ಟು ಎಂದು ಅವಳು ಐವತ್ತು ಸಲ ಬೆಣ್ಣೆ ತೆಗೆದು ತಾಟಿನಲ್ಲಿ ಒಟ್ಟಿದಳು. ಕೊನೆಗೆ ಅದು ದೊಡ್ಡ ಲಿಂಬೆಹಣ್ಣಿನಷ್ಟಾಯಿತು. ಇಬ್ಬರೂ ಆ ಉಂಡೆಯನ್ನೇ ನೋಡುತ್ತ ಕುಳಿತರು.

"ಯಾ ಅಲ್ಲಾ," ಎಂದ ಬುರಾನಸಾಬ. "ಇದನ್ನ ನಾನ್ ನುಂಗೇನಿ?"

"ಮತ್ಯಾರು, ದುರ್ಗಪ್ಪ ನುಂಗ್ಯಾನ?"

ದೇಹವೆಂಬುದು ದೇವರು ನಂಬಿ, ಕಾಪಾಡಲು ಕೊಟ್ಟ ವಸ್ತು. ಹಾಗೇ ಮರಳಿಸಬೇಕು. ಆದರೆ ನುಂಗದಿದ್ದರೆ ಕೆಲಸ ಉಳಿಯದು, ಉಗುಳಿದರೆ ಬಡ ಹೆಂಗಸರ ಗಡಿಗೆಗೆ ಕೆಟ್ಟ ಹೆಸರು ಬರುತ್ತದೆ. ನಮಾಜಿನ ಚಾಪೆಯ ಮೇಲೆ ಅವನು ಬಹಳ ಹೊತ್ತು ಕುಳಿತ. ಎದ್ದಾಗ ಸೀದಾ ಅಡುಗೆಮನೆಗೆ ಹೋಗಿ ಕಬ್ಬಿಣದ ಸೌಟು ಇಸಿದುಕೊಂಡ.

ಮುಂದಿನ ಸಂತೆಗೆ ಸೌಟು, ಒಂದು ಪುಟ್ಟ ಸ್ಟೋವು ಬಂದವು. ಇನ್ನು ಬೆಣ್ಣೆಯನ್ನು ಬಾಯಿಗಿಡುವುದಿಲ್ಲ, ಕಾಯಿಸಿ ಪರೀಕ್ಷಿಸುವೆನೆಂದ ಬುರಾನಸಾಬ. ದುರ್ಗಪ್ಪನ ಮುಖ ಗಂಟಾಯಿತು. "ಸಾಬಾ, ನಿನ್ನ ನಾಲಿಗಿ ನಂಬಿ ಅಂಗಡಿ ನಡದೈತಿ. ಇವತ್ತ್ ಒಂದ್ ಗಡಿಗಿ ತಪ್ಪಿದ್ರ ನಾಳಿ ಬ್ಯಾರೇದವ್ರನ್ನ ನೋಡತೇನಿ."

ಶಟ್ಟೆವ್ವನಿಗೂ ಸಿಟ್ಟು. "ನಮ್ಮ ಎಮ್ಮಿ ಬೆಣ್ಣಿ ನಿನಗ ವಿಷ ಆತೇನೋ?"

ಅವನು ಎದೆ ಮುಟ್ಟಿಕೊಂಡು ಇದ್ದದ್ದನ್ನೆಲ್ಲ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು. ಎದ್ದು ಹೋಗಿ ಮೂರು ಮುತ್ತುಗದ ಎಲೆಗಳಲ್ಲಿ ಬೆಣ್ಣೆ ತಂದಳು. "ಹಂಗಾರ ಹೇಳು. ಯಾವುದು ಎಂಥಾದು?"

ಸಂತೆ ಸುತ್ತ ನಿಂತಿತು. ಬುರಾನಸಾಬ ಮೊದಲ ಎಲೆಯ ಬೆಣ್ಣೆಯನ್ನು ಕಾಯಿಸಿ ಕಿವಿಗೊಟ್ಟ. ಚಟಪಟ ಬಹಳ ಹೊತ್ತು ನಿಲ್ಲಲಿಲ್ಲ. "ನೀರು ಹಿಂಡಿಲ್ಲ." ಎರಡನೆಯದರ ಹೊಗೆ ಮೂಸಿದ. "ಇದರಾಗ ವನಸ್ಪತಿ ಕಲಸೀದಿ, ಶಟ್ಟೆವ್ವಾ. ನನಗ ಮೋಸಾ ಮಾಡಾಕ ಹತ್ತಿ?" ಮೂರನೆಯದಕ್ಕೆ ಅವನ ಮುಖ ಅರಳಿತು. "ಇದು ನಿನ್ನ ಎಮ್ಮಿದು. ಅದಕ್ಕ ಹತ್ತಿಕಾಳು ತಿನಸೀದಿ."

ಶಟ್ಟೆವ್ವ ಹಲ್ಲು ಕಿರಿದಳು. ಮೂರೂ ಸರಿ. ದುರ್ಗಪ್ಪ ಸ್ಟೋವಿಗೆ ಇನ್ನಷ್ಟು ಸೀಮೆಎಣ್ಣೆ ತರಿಸಿದ.

"ಆದ್ರ ಪಾಸಾತು ಅಂತ ಮಂದಿಗೆ ಹೆಂಗ ಗೊತ್ತಾಗಬೇಕು?" ಎಂದು ಹಿಂದಿನಿಂದ ಒಬ್ಬಳು ಕೂಗಿದಳು. "ನುಂಗೂದಂತೂ ಇಲ್ಲ!"

ಬುರಾನಸಾಬ ಶಟ್ಟೆವ್ವನ ಗಡಿಗೆಯ ಬೆಣ್ಣೆ ಮುಟ್ಟಿದ ಬೆರಳನ್ನು ಭಕ್ತಿಯಿಂದ ಎರಡೂ ಕಣ್ಣಿಗೆ ಒತ್ತಿಕೊಂಡ. ಬೆರಳು ಆ ಹಳದಿ ಕಲೆಗಳ ಮೇಲೇ ಕೂತಿತು.

"ಒರಸ್ಕೋಳೋ ಮಾರಾಯ," ಎಂದಳು ಶಟ್ಟೆವ್ವ. "ಅಲ್ಲಿ ಆಗ್ಲೇ ಬೇಕಾದಷ್ಟ್ ಐತಿ."